ಊರು ಓದಿದ್ದೇನು?

ಹಾಸನ ಸೀಮೆಯ ಗ್ರಂಥಾಲಯಗಳ ಬರೆಯದೆ ಉಳಿದ ಚರಿತ್ರೆ

ಹಾಸನ ಜಿಲ್ಲೆ ಕನ್ನಡಕ್ಕೆ ಕೊಟ್ಟ ಬರಹಗಾರರ ಹೆಸರು ಹೇಳಲು ಯಾರಿಗೂ ಹೆಚ್ಚು ಹೊತ್ತು ಬೇಕಿಲ್ಲ. ಹೇಮಾವತಿ ದಂಡೆಯ ಗೊರೂರಿನ ರಾಮಸ್ವಾಮಿ ಅಯ್ಯಂಗಾರರು, ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್.ಎಲ್. ಭೈರಪ್ಪನವರು, ಹುಟ್ಟಿದ್ದು ಕೋಲಾರದಲ್ಲಾದರೂ ಹೆಸರಿನ ಮೊದಲ ಅಕ್ಷರದಲ್ಲಿಯೇ ಅರಕಲಗೂಡನ್ನು ಹೊತ್ತುಕೊಂಡ ಅ.ನ. ಕೃಷ್ಣರಾಯರು ಎಲ್ಲರಿಗೂ ಗೊತ್ತು. 2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳ ಅನುವಾದಕ್ಕೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಈ ಊರಿನ ಹೆಸರು ಕನ್ನಡ ಬಾರದವರ ಬಾಯಲ್ಲೂ ಓಡಾಡಿತು. ಈ ಜಿಲ್ಲೆ ಬರೆದದ್ದೇನು ಎಂಬುದಕ್ಕೆ ಪುರಾವೆ ಕಪಾಟುಗಳ ತುಂಬ ಇದೆ. ಆದರೆ ಈ ಜಿಲ್ಲೆ ಓದಿದ್ದೇನು ಎಂದು ಕೇಳಿದರೆ ಉತ್ತರ ಕೊಡುವುದು ಕಷ್ಟ.

1940ರ ಸುಮಾರಿಗೆ ಚನ್ನರಾಯಪಟ್ಟಣದಲ್ಲಿ ಒಬ್ಬ ಶಾಲಾ ಹುಡುಗನ ಕೈಗೆ ಯಾವ ಪುಸ್ತಕ ಸಿಗುತ್ತಿತ್ತು? ಅನಕೃ ಅವರ ಕಾದಂಬರಿಗಳ ಮೇಲೆ ಅಶ್ಲೀಲತೆಯ ಆರೋಪ ಎದ್ದು ನಾಡೆಲ್ಲ ಗದ್ದಲವಾದಾಗ ಅರಕಲಗೂಡಿನವರು ತಮ್ಮೂರಿನ ಹೆಸರು ಹೊತ್ತ ಆ ಪುಸ್ತಕಗಳನ್ನು ಕೊಂಡರೋ, ಕೊಳ್ಳದೆ ಬಿಟ್ಟರೋ? ಹೊಳೆನರಸೀಪುರದ ಹೆಣ್ಣುಮಕ್ಕಳು ಎಂದಿನಿಂದ ಪುಸ್ತಕ ಎರವಲು ಪಡೆಯತೊಡಗಿದರು? ಇಂಥ ಪ್ರಶ್ನೆಗಳಿಗೆ ಸಾಹಿತ್ಯ ಚರಿತ್ರೆಯ ಹೊತ್ತಗೆಗಳು ಉತ್ತರ ಕೊಡಲಾರವು. ಉತ್ತರ ಇರಬಹುದಾದ ಸ್ಥಳ ಒಂದೇ. ಅದು ಊರೂರಿನ ಗ್ರಂಥಾಲಯ ಇಟ್ಟುಕೊಂಡಿದ್ದ ದಫ್ತರ. ಊರಿನ ನೆನಪನ್ನೆಲ್ಲ ಕಾಪಿಡಬೇಕಾದ ಗ್ರಂಥಾಲಯದ ಸ್ವಂತ ನೆನಪನ್ನು ಕಾಪಿಡುವವರೇ ಇಲ್ಲದಿರುವುದು ಇಲ್ಲಿನ ವಿಪರ್ಯಾಸ.

ಸರಸ್ವತೀ ಭಂಡಾರದಿಂದ ಚಾವಡಿಯವರೆಗೆ

ಪುಸ್ತಕಗಳನ್ನು ಒಂದೆಡೆ ಕೂಡಿಟ್ಟು ಕಾಯುವ ಪದ್ಧತಿ ಕನ್ನಡ ನಾಡಿಗೆ ಹೊಸದಲ್ಲ. ಇಂದಿನ ಕಲಬುರಗಿ ಜಿಲ್ಲೆ ಚಿತ್ತಾಪುರ ತಾಲ್ಲೂಕಿನ ನಾಗಾವಿಯ 1058ರ ಶಾಸನ ಅಲ್ಲಿನ ಘಟಿಕಾಸ್ಥಾನದಲ್ಲಿ ವಿದ್ಯಾರ್ಥಿಗಳು, ಉಪಾಧ್ಯಾಯರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗಳಿದ್ದರೆಂದು ಹೇಳುತ್ತದೆ. ಪುಸ್ತಕ ಕಾಯುವವರನ್ನು ಲೆಕ್ಕಕ್ಕೆ ಹಿಡಿದು, ಅವರ ಜೀವನಕ್ಕೆ ಏರ್ಪಾಡು ಮಾಡಿ, ಅದನ್ನು ಕಲ್ಲಿನಲ್ಲಿ ಕೊರೆಸಿದ ಕಾಲ ಅದು. ಜೈನರಲ್ಲಿ ಶಾಸ್ತ್ರದಾನ ದೊಡ್ಡ ಪುಣ್ಯ. ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂಬುದು ಪ್ರಸಿದ್ಧ. ಅಚ್ಚಿನ ಮೊಳೆ ಇಲ್ಲದ ಕಾಲದಲ್ಲಿ ಒಂದೊಂದು ಪ್ರತಿಯ ಒಂದೊಂದು ಅಕ್ಷರವನ್ನೂ ಕೈಯಿಂದಲೇ ಬರೆಯಬೇಕಿತ್ತು ಎಂಬುದನ್ನು ನೆನೆದರೆ ಆ ಸಂಖ್ಯೆಯ ತೂಕ ತಿಳಿಯುತ್ತದೆ.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳ ಈ ಪರಂಪರೆಯ ದೊಡ್ಡ ನೆಲೆ. ಅಲ್ಲಿನ ಜೈನ ಮಠದ ತಾಳೆಗರಿಗಳ ಕಟ್ಟುಗಳು ಹಲವು ತಲೆಮಾರುಗಳ ಕೈದಾಟಿ ಬಂದವು. ಗರಿಗೆ ಮಜ್ಜಿಗೆಹುಲ್ಲಿನ ಎಣ್ಣೆ ಸವರಿ, ಹಲಗೆಗಳ ನಡುವೆ ಬಿಗಿದು, ಬಟ್ಟೆಯಲ್ಲಿ ಸುತ್ತಿಡುವುದು ಹಿಂದಿನವರ ಕ್ರಮ. ಓಲೆಯ ಪ್ರತಿ ಮುಗಿಸಿದ ಲಿಪಿಕಾರ ಸಾಮಾನ್ಯವಾಗಿ ಕೊನೆಯ ಗರಿಯಲ್ಲಿ ಸಂವತ್ಸರ, ತಿಥಿ, ಬರೆಸಿದವರ ಹೆಸರು, ಬರೆದವನ ಹೆಸರು ಇವಿಷ್ಟನ್ನು ಸೇರಿಸುತ್ತಿದ್ದ. ಪುಸ್ತಕದ ಒಳಗೇ ಪುಸ್ತಕದ ಚರಿತ್ರೆ ಇರಬೇಕು ಎಂಬ ಎಚ್ಚರ ಅವನಲ್ಲಿತ್ತು. ಹೆಸರು, ಊರು, ದಿನಾಂಕ ಯಾವುದೂ ಇಲ್ಲದೆ ಸಿಗುವ ಇಂದಿನ ಎಷ್ಟೋ ಗ್ರಂಥಾಲಯ ಕಡತಗಳನ್ನು ನೋಡಿದರೆ ಆ ಲಿಪಿಕಾರನೇ ಮೇಲೆನಿಸುತ್ತಾನೆ.

ಶ್ರವಣಬೆಳಗೊಳ ಇನ್ನೊಂದು ಪಾಠವನ್ನೂ ಹೇಳುತ್ತದೆ. ಬಿ.ಎಲ್. ರೈಸ್ ಅವರು 1889ರಲ್ಲಿ ಅಲ್ಲಿನ ಶಾಸನಗಳ ಸಂಪುಟ ಪ್ರಕಟಿಸಿದಾಗ ಅದರಲ್ಲಿದ್ದದ್ದು 144 ಶಾಸನ. ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು ಪರಿಷ್ಕರಿಸಿದಾಗ ಸಂಖ್ಯೆ 500ಕ್ಕೆ ಏರಿತು. ಮೈಸೂರು ವಿಶ್ವವಿದ್ಯಾನಿಲಯ 1973ರಲ್ಲಿ ಮತ್ತೆ ಪರಿಷ್ಕರಿಸಿ ಹೊರತಂದಾಗ ಅದು 573 ಆಯಿತು. ಈ ಎಂಬತ್ತು ವರ್ಷಗಳಲ್ಲಿ ಬೆಟ್ಟದ ಮೇಲೆ ಯಾರೂ ಹೊಸದಾಗಿ ಹಳೆಯ ಶಾಸನ ಕೊರೆಯಲಿಲ್ಲ. ಹುಡುಕುವ ಕಣ್ಣು ಹೆಚ್ಚಾದಂತೆ ಕಾಣಿಸಿಕೊಂಡ ಶಾಸನಗಳೂ ಹೆಚ್ಚಾದವು. ಬಂಡೆಯ ಮೇಲಿನ ಬರಹವೇ ಮೊದಲ ಎಣಿಕೆಗೆ ಪೂರಾ ಸಿಗಲಿಲ್ಲವೆಂದರೆ, ಕಾಗದದ ಮೇಲಿನದನ್ನು ಹುಡುಕಲು ಎಷ್ಟು ತಾಳ್ಮೆ ಬೇಕು! ಕಲ್ಲು ಹುಡುಕುವವನಿಗಾಗಿ ಶತಮಾನಗಟ್ಟಲೆ ಕಾಯಬಲ್ಲದು. ಕಾಗದಕ್ಕೆ ಅಷ್ಟು ಆಯುಷ್ಯವಿಲ್ಲ.

ಮಠ, ಅಗ್ರಹಾರಗಳ ಆಚೆ ಜನಸಾಮಾನ್ಯರ ಓದು ಬಹುಮಟ್ಟಿಗೆ ಕಿವಿಯ ಓದಾಗಿತ್ತು. ದೇವಸ್ಥಾನದ ಜಗಲಿಯಲ್ಲೋ ಚಾವಡಿಯಲ್ಲೋ ಒಬ್ಬರು ಕುಮಾರವ್ಯಾಸ ಭಾರತವನ್ನೋ ಜೈಮಿನಿ ಭಾರತವನ್ನೋ ವಾಚಿಸಿದರೆ, ಮತ್ತೊಬ್ಬರು ಅರ್ಥ ಹೇಳುತ್ತಿದ್ದರು. ಅಕ್ಷರ ಬಾರದವರೂ ಈ ಓದಿನ ಪಾಲುದಾರರು. ಹತ್ತಾರು ಮಂದಿಗೆ ಒಂದೇ ಪುಸ್ತಕ ಸಾಲುತ್ತಿದ್ದ ಈ ಪದ್ಧತಿಯೇ ಮುಂದೆ ಬಂದ ವಾಚನಾಲಯಗಳಿಗೆ ತಳಹದಿಯಾಯಿತೆನ್ನಬಹುದು. ಊರಿಗೆ ಬರುವ ಒಂದೇ ವೃತ್ತಪತ್ರಿಕೆಯನ್ನು ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು ಇಪ್ಪತ್ತನೆಯ ಶತಮಾನದ ಬಹುಭಾಗ ಹಳ್ಳಿಗಳಲ್ಲಿ ನಡೆದೇ ಇತ್ತು.

ವಾಚನಾಲಯದ ಕಾಲ

ಹಾಸನ ಹಿಂದಿನ ಮೈಸೂರು ಸಂಸ್ಥಾನದ ಜಿಲ್ಲೆ. ಆ ಸಂಸ್ಥಾನದಲ್ಲಿ ಸಾರ್ವಜನಿಕ ಗ್ರಂಥಾಲಯದ ವಿಚಾರಕ್ಕೆ ಬಲ ಬಂದದ್ದು ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರ ನಡುವೆ. ಬೆಂಗಳೂರು, ಮೈಸೂರುಗಳಲ್ಲಿ ಸಾರ್ವಜನಿಕ ಗ್ರಂಥಾಲಯಗಳು ಸ್ಥಾಪನೆಯಾದದ್ದು ಆಗಲೇ. ಕಬ್ಬನ್ ಉದ್ಯಾನದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ನೆಲೆಗೊಂಡ ಬೆಂಗಳೂರಿನ ಗ್ರಂಥಾಲಯ ಮುಂದೆ ರಾಜ್ಯ ಕೇಂದ್ರ ಗ್ರಂಥಾಲಯವಾಯಿತು. ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ 1915 ಕೂಡ ಇದೇ ಅವಧಿಗೆ ಸೇರಿದ್ದು. ಇದಕ್ಕೂ ಮೊದಲೇ ಬರೋಡದಲ್ಲಿ ಮಹಾರಾಜ ಸಯಾಜಿರಾವ್ ಗಾಯಕವಾಡರು ಅಮೆರಿಕದಿಂದ ಗ್ರಂಥಪಾಲರನ್ನು ಕರೆಸಿ 1910ರಿಂದ ಊರೂರಿಗೂ ಪುಸ್ತಕ ತಲುಪಿಸುವ ಏರ್ಪಾಡು ಮಾಡಿದ್ದರು. ಓದು ಬಂದವರಿಗೆ ಓದಲು ಏನಾದರೂ ಸಿಗದಿದ್ದರೆ ಶಾಲೆಯಲ್ಲಿ ಕಲಿತ ಅಕ್ಷರ ಮರೆತುಹೋಗುತ್ತದೆ ಎಂಬ ಅರಿವು ಆ ಕಾಲದ ಆಡಳಿತಗಾರರಲ್ಲಿತ್ತು.

ಜಿಲ್ಲೆ, ತಾಲ್ಲೂಕು ಕೇಂದ್ರಗಳಲ್ಲಿ ಕಂಡದ್ದು ಇಷ್ಟು ದೊಡ್ಡ ಕಟ್ಟಡಗಳಲ್ಲ. ಪುರಸಭೆಯ ಒಂದು ಕೋಣೆ, ಶಾಲೆಯ ಮೂಲೆ, ಛತ್ರದ ಜಗಲಿ ಅಥವಾ ಯಾರೋ ವಕೀಲರು ಬಿಟ್ಟುಕೊಟ್ಟ ಮುಂದಿನ ಪಡಸಾಲೆ ಇಂಥ ಸಂಸ್ಥೆಗಳ ವಿಳಾಸ. ಉಪಾಧ್ಯಾಯರು, ವಕೀಲರು, ಅಮಲ್ದಾರರ ಕಚೇರಿಯ ಗುಮಾಸ್ತರು, ಒಬ್ಬಿಬ್ಬರು ವರ್ತಕರು ಸೇರಿ ಸಮಿತಿ ಮಾಡಿಕೊಳ್ಳುತ್ತಿದ್ದರು. ಚಂದಾ ಎತ್ತಿ, ಪುರಸಭೆ ಅಥವಾ ಸರ್ಕಾರದ ಅಲ್ಪಸ್ವಲ್ಪ ಸಹಾಯಧನಕ್ಕೆ ಅರ್ಜಿ ಹಾಕಿ, ತಾಯಿನಾಡು ಮೊದಲಾದ ಪತ್ರಿಕೆಗಳನ್ನು ತರಿಸುವುದು ಇವರ ಮುಖ್ಯ ಕೆಲಸ. ಸ್ವಾತಂತ್ರ್ಯ ಹೋರಾಟದ ದಿನಗಳಲ್ಲಿ ಇಂಥ ಪಡಸಾಲೆಗಳೇ ಊರಿನ ರಾಜಕೀಯ ಪಾಠಶಾಲೆಗಳೂ ಆದವು.

ಹಳ್ಳಿಗಳ ಮಟ್ಟಿಗೆ 1940ರ ದಶಕದಲ್ಲಿ ಶುರುವಾದ ವಯಸ್ಕರ ಶಿಕ್ಷಣ ಸಮಿತಿಯ ಕೆಲಸ ದೊಡ್ಡದು. ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತವರಿಗಾಗಿ ಸಮಿತಿ ಗ್ರಾಮ ಗ್ರಂಥಾಲಯಗಳನ್ನು ತೆರೆಯಿತು. ‘ಬೆಳಕು’ ವಾರಪತ್ರಿಕೆಯನ್ನೂ ‘ಪುಸ್ತಕ ಪ್ರಪಂಚ’ ಮಾಸಪತ್ರಿಕೆಯನ್ನೂ ಹೊರತಂದಿತು. ಒಂದು ಮರದ ಪೆಟ್ಟಿಗೆಯಲ್ಲಿ ಹಿಡಿಸುವಷ್ಟು ಪುಸ್ತಕ, ಅದಕ್ಕೊಬ್ಬ ಮೇಷ್ಟರು ಹೊಣೆ. ಮೇಷ್ಟರಿಗೆ ವರ್ಗವಾದರೆ ಪೆಟ್ಟಿಗೆಯ ಬೀಗದ ಕೈ ಯಾರ ಬಳಿ ಉಳಿಯಿತು ಎಂಬುದೇ ಎಷ್ಟೋ ಹಳ್ಳಿಗಳ ಗ್ರಂಥಾಲಯ ಚರಿತ್ರೆಯ ಕೊನೆಯ ಅಧ್ಯಾಯವಾಯಿತು.

ಕಾನೂನು ಬಂದ ಮೇಲೆ

ಮದ್ರಾಸ್ ಪ್ರಾಂತ್ಯದಲ್ಲಿ 1948ರಲ್ಲೇ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂದಿತ್ತು. ಅದರ ಹಿಂದಿದ್ದವರು ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್.ಆರ್. ರಂಗನಾಥನ್. ಅವರು 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ್ದು ಮೈಸೂರು ರಾಜ್ಯದ ಭಾಗ್ಯವಾಯಿತು. ಅವರ ಮಾರ್ಗದರ್ಶನದ ಫಲವಾಗಿ 1965ರಲ್ಲಿ ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಅಂಗೀಕಾರವಾಯಿತು; 1966ರ ನವೆಂಬರ್ 1ರಂದು ಪ್ರತ್ಯೇಕ ಇಲಾಖೆ ಸ್ಥಾಪನೆಯಾಯಿತು. ಮನೆ ತೆರಿಗೆಯಂಥ ಸ್ಥಳೀಯ ತೆರಿಗೆಗಳ ಮೇಲೆ ಗ್ರಂಥಾಲಯ ಉಪಕರ ವಿಧಿಸಲು ಕಾಯಿದೆ ಅವಕಾಶ ಕೊಟ್ಟಿತು. ಈಗ ಅದು ರೂಪಾಯಿಗೆ 6 ಪೈಸೆ. ಅಂದರೆ ಮನೆ ಕಂದಾಯ ಕಟ್ಟುವ ಪ್ರತಿಯೊಬ್ಬರೂ, ಜೀವನದಲ್ಲಿ ಒಮ್ಮೆಯೂ ಗ್ರಂಥಾಲಯದ ಹೊಸ್ತಿಲು ತುಳಿಯದಿದ್ದರೂ, ಅದರ ಪೋಷಕರೇ.

ಕಾಯಿದೆಯಿಂದ ಆದ ಉಪಕಾರ ಸಣ್ಣದಲ್ಲ. ಹಾಸನದಲ್ಲಿ ಜಿಲ್ಲಾ ಕೇಂದ್ರ ಗ್ರಂಥಾಲಯ, ತಾಲ್ಲೂಕು ಕೇಂದ್ರಗಳಲ್ಲಿ ಶಾಖೆಗಳು ಬಂದವು. ಸಂಬಳದ ಗ್ರಂಥಪಾಲಕರು ಬಂದರು. ಯಾವ ಜಾತಿಯವರಾದರೂ, ಯಾವ ಬೀದಿಯವರಾದರೂ ಒಳಗೆ ಬಂದು ಕೂತು ಓದುವುದು ಹಕ್ಕಾಯಿತು. ಅಗ್ರಹಾರದ ಜಗಲಿಯಲ್ಲೋ ದೇವಸ್ಥಾನದ ಪ್ರಾಕಾರದಲ್ಲೋ ನಡೆಯುತ್ತಿದ್ದ ವಾಚನಾಲಯಕ್ಕೆ ಎಲ್ಲರೂ ಕಾಲಿಡುವಂತಿರಲಿಲ್ಲ ಎಂಬುದನ್ನು ಮರೆಯಬಾರದು.

ಆದರೆ ಇದೇ ಬದಲಾವಣೆ ಚರಿತ್ರೆಯಲ್ಲೊಂದು ಬಿರುಕನ್ನೂ ತಂದಿತು. ಸ್ಥಳೀಯ ಸಮಿತಿಗಳ ಕೈಯಲ್ಲಿದ್ದ ಸಂಸ್ಥೆಗಳು ಇಲಾಖೆಯ ಶಾಖೆಗಳಲ್ಲಿ ಕರಗಿದಾಗ ಪುಸ್ತಕಗಳಿಗೆ ಹೊಸ ಸಂಖ್ಯೆ ಬಿತ್ತು, ಹೊಸ ವಹಿ ತೆರೆಯಿತು. ಹಳೆಯ ವಹಿ, ಸಮಿತಿಯ ನಡಾವಳಿ ಪುಸ್ತಕ, ಚಂದಾ ರಸೀದಿಗಳು ಯಾರಿಗೆ ಸೇರಬೇಕು ಎಂಬ ಪ್ರಶ್ನೆ ಆಗ ಯಾರಿಗೂ ಮುಖ್ಯವಾಗಿ ಕಾಣಲಿಲ್ಲ. ಕೆಲವು ಕಾರ್ಯದರ್ಶಿಗಳ ಮನೆಯ ಅಟ್ಟ ಸೇರಿದವು, ಕೆಲವು ಗೆದ್ದಲಿನ ಪಾಲಾದವು. ಸರ್ಕಾರದ ಲೆಕ್ಕದಲ್ಲಿ ಊರಿನ ಗ್ರಂಥಾಲಯ ಹುಟ್ಟಿದ್ದು ಶಾಖೆ ತೆರೆದ ದಿನ. ಅದರ ಹಿಂದಿನ ನಲವತ್ತು ಐವತ್ತು ವರ್ಷ ಹಾಗೆ ಕಾಗದದಿಂದ ಜಾರಿಹೋಯಿತು.

ಒಂದು ವಹಿ ಹೇಳುವ ಕಥೆ

ಈ ಹಳೆಯ ವಹಿಗಳಲ್ಲಿ ಅಂಥದ್ದೇನಿದೆ ಎಂದು ಕೇಳುವವರಿರಬಹುದು. ಗ್ರಂಥಾಲಯಕ್ಕೆ ಬಂದ ಪ್ರತಿ ಪುಸ್ತಕವನ್ನೂ ಬಂದ ದಿನವೇ ಏರಿಸುವ ದೊಡ್ಡ ಪುಸ್ತಕಕ್ಕೆ ಅಕ್ಸೆಷನ್ ರಿಜಿಸ್ಟರು ಎಂದು ಹೆಸರು. ಅದರಲ್ಲಿ ದಿನಾಂಕ, ಕ್ರಮಸಂಖ್ಯೆ, ಲೇಖಕ, ಶೀರ್ಷಿಕೆ, ಪ್ರಕಾಶಕ, ಬೆಲೆ, ಕೊಂಡದ್ದೋ ದಾನವಾಗಿ ಬಂದದ್ದೋ, ಕೊನೆಗೆ ಕಳೆದುಹೋದರೆ ಅಥವಾ ಹರಿದುಹೋದರೆ ಅದರ ಷರಾ, ಹೀಗೆ ಅಂಕಣಗಳಿರುತ್ತವೆ. ಒಂದೊಂದು ಸಾಲೂ ಶುಷ್ಕ. ಸಾವಿರ ಸಾಲು ಒಟ್ಟಿಗೆ ಓದಿದರೆ ಮಾತ್ರ ಒಂದು ಊರಿನ ಮನಸ್ಸು ತೆರೆದುಕೊಳ್ಳುತ್ತದೆ. ಪುರಾಣ, ವೇದಾಂತಗಳ ನಡುವೆ ಮೊದಲ ಸಾಮಾಜಿಕ ಕಾದಂಬರಿ ಬಂದದ್ದು ಯಾವ ವರ್ಷ, 1949ರಲ್ಲಿ ಕನ್ನಡದಲ್ಲಿ ಆರಂಭವಾದ ‘ಚಂದಮಾಮ’ವನ್ನು, 1956ರ ‘ಕಸ್ತೂರಿ’ಯನ್ನು ಊರು ಎಂದಿನಿಂದ ತರಿಸಿತು, ಇಂಗ್ಲಿಷ್ ಪುಸ್ತಕಗಳ ಪಾಲು ಎಂದು ಇಳಿಯಿತು, ಉರ್ದು ಪತ್ರಿಕೆಗೆ ಜಾಗವಿತ್ತೇ, ಮಕ್ಕಳಿಗೆಂದು ಬೇರೆ ಕಪಾಟು ಯಾವಾಗ ಬಂತು ಎಂಬುದೆಲ್ಲ ಅಲ್ಲಿ ಗೊತ್ತಾಗುತ್ತದೆ.

ದಾನಿಗಳ ಅಂಕಣ ಮತ್ತೂ ಸ್ವಾರಸ್ಯದ್ದು. ತೀರಿಕೊಂಡ ತಂದೆಯ ಪುಸ್ತಕಗಳನ್ನು ಮಗ ಕೊಟ್ಟದ್ದು, ವರ್ಗವಾಗಿ ಹೋಗುವ ಅಧಿಕಾರಿ ಬಿಟ್ಟುಹೋದದ್ದು, ಮದುವೆಯ ನೆನಪಿಗೆ ಬಂದದ್ದು ಎಲ್ಲವೂ ಅಲ್ಲಿ ದಾಖಲಾಗುತ್ತವೆ. ಎರವಲು ವಹಿ ಇನ್ನೂ ಒಳಗಿನ ಮಾತು ಹೇಳುತ್ತದೆ. ಕೊಂಡ ಪುಸ್ತಕ ಸಮಿತಿಯ ಅಭಿರುಚಿಯಾದರೆ, ಎರವಲು ಹೋದ ಪುಸ್ತಕ ಊರಿನ ಅಭಿರುಚಿ. ಇವೆರಡೂ ಒಂದೇ ಆಗಿರಬೇಕೆಂದಿಲ್ಲ. ಪುಸ್ತಕದ ಹಿಂದೆ ಅಂಟಿಸಿದ ತಾರೀಖಿನ ಚೀಟಿಯೊಂದೇ ಉಳಿದಿದ್ದರೂ ಸುಗ್ಗಿಯ ತಿಂಗಳುಗಳಲ್ಲಿ ಓದು ಇಳಿದು ಬೇಸಿಗೆ ರಜೆಯಲ್ಲಿ ಏರಿತೇ ಎಂದು ಲೆಕ್ಕ ಹಾಕಬಹುದು. ನಡಾವಳಿ ಪುಸ್ತಕದಲ್ಲಿ ಜಗಳಗಳಿರುತ್ತವೆ. ದೀಪದೆಣ್ಣೆಯ ಖರ್ಚು, ಬಾಡಿಗೆ ಬಾಕಿ, ಯಾವ ಪತ್ರಿಕೆ ನಿಲ್ಲಿಸಬೇಕೆಂಬ ವಾದ, ಇವೆಲ್ಲ ಊರಿನ ಜನ ತಮ್ಮ ಕೆಲಸವನ್ನು ತಾವೇ ನಡೆಸಲು ಕಲಿತ ಬಗೆಯ ಸಾಕ್ಷ್ಯಗಳು.

ದಿನಾಂಕವಿಲ್ಲದ ಕಾಗದಕ್ಕೂ ಕಾಲ ಕಟ್ಟುವ ಉಪಾಯಗಳುಂಟು. ಬೆಲೆಯನ್ನು ರೂಪಾಯಿ, ಆಣೆ, ಪೈ ಎಂದು ಮೂರು ಅಂಕಣಗಳಲ್ಲಿ ಬರೆದಿದ್ದರೆ ಆ ಪುಟ ಸಾಮಾನ್ಯವಾಗಿ 1957ರ ಏಪ್ರಿಲ್‌ಗಿಂತ ಹಿಂದಿನದು. ನಯಾ ಪೈಸೆ ಬಂದದ್ದು ಆಗ. ಮೊಹರಿನಲ್ಲಿ ಮೈಸೂರು ರಾಜ್ಯ ಎಂದಿದ್ದರೆ ಅದನ್ನು ಮಾಡಿಸಿದ್ದು ಕರ್ನಾಟಕ ಎಂಬ ಹೆಸರು ಬಂದ 1973ರ ನವೆಂಬರ್‌ಗಿಂತ ಮುಂಚೆ. ವಿಳಾಸದಲ್ಲಿ ಆರಂಕಿಯ ಪಿನ್ ಸಂಖ್ಯೆ ಇದ್ದರೆ 1972ರ ಆಗಸ್ಟ್ ನಂತರ. ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ಮುದ್ರೆಯಿದ್ದರೂ ಹಾಗೆಯೇ. ಆ ಪ್ರತಿಷ್ಠಾನ ಹುಟ್ಟಿದ್ದು 1972ರಲ್ಲಿ. ಹೀಗೆ ಒಂದು ರಬ್ಬರ್ ಮೊಹರು ಸಹ ಪುಟ್ಟ ಶಾಸನದಂತೆ ಸಾಕ್ಷಿ ನುಡಿಯುತ್ತದೆ.

ನಾಲ್ಕು ಊರು, ನಾಲ್ಕು ಬಗೆ

ಗ್ರಂಥಾಲಯದ ಚರಿತ್ರೆ ಎಲ್ಲ ಊರಿನಲ್ಲಿಯೂ ಒಂದೇ ಬಗೆಯ ಸಾಮಗ್ರಿಯಲ್ಲಿ ಸಿಗುವುದಿಲ್ಲ. ಹಾಸನ ಜಿಲ್ಲಾ ಕೇಂದ್ರವಾದ್ದರಿಂದ ಅಲ್ಲಿನದು ಹೆಚ್ಚಾಗಿ ಆಡಳಿತದ ಕಾಗದಗಳಲ್ಲಿದೆ. ಮೈಸೂರು ಸಂಸ್ಥಾನದ ವಾರ್ಷಿಕ ಆಡಳಿತ ವರದಿಗಳು, ಪುರಸಭೆಯ ಆಯವ್ಯಯಗಳು, 1971ರಲ್ಲಿ ಹೊರಬಂದ ಜಿಲ್ಲಾ ಗೆಜೆಟಿಯರ್ ಮೊದಲು ತಿರುವಬೇಕಾದ ಪುಸ್ತಕಗಳು. 1996ರಲ್ಲಿ ಹಾಸನದಲ್ಲಿ ಚೆನ್ನವೀರ ಕಣವಿಯವರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಶ್ರವಣಬೆಳಗೊಳದಲ್ಲಿ 1967ರಲ್ಲಿ ಆ.ನೇ. ಉಪಾಧ್ಯೆಯವರ ಮತ್ತು 2015ರಲ್ಲಿ ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಸಮ್ಮೇಳನ ಸೇರಿತ್ತು. ಇಂಥ ಸಂದರ್ಭದ ಸ್ಮರಣ ಸಂಚಿಕೆಗಳಲ್ಲಿ ಸ್ಥಳೀಯ ಸಂಸ್ಥೆಗಳ ಬಗ್ಗೆ ಬರುವ ಲೇಖನಗಳು ಬೇರೆಲ್ಲೂ ಸಿಗದ ವಿವರ ಕೊಡುವುದುಂಟು. ಸಮ್ಮೇಳನ ಮುಗಿದ ಮೇಲೆ ಅವನ್ನು ತಿರುಗಿ ನೋಡುವವರು ಕಡಿಮೆ.

ಹೊಳೆನರಸೀಪುರದ್ದು ಬೇರೆಯೇ ಬಗೆ. ವೈ. ಸುಬ್ಬರಾಯರು 1920ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ 1937ರಲ್ಲಿ ಈ ಊರಿಗೆ ಬಂತು. ಮುಂದೆ ಸಚ್ಚಿದಾನಂದೇಂದ್ರ ಸರಸ್ವತಿ ಎಂಬ ಹೆಸರಿನಿಂದ ಸನ್ಯಾಸ ಸ್ವೀಕರಿಸಿದ ಅವರು 1975ರವರೆಗೆ ಇಲ್ಲಿದ್ದುಕೊಂಡು ಶಾಂಕರ ಭಾಷ್ಯಗಳನ್ನು ಕನ್ನಡಕ್ಕೆ ತಂದರು. ಕನ್ನಡ, ಸಂಸ್ಕೃತ, ಇಂಗ್ಲಿಷ್ ಮೂರರಲ್ಲೂ ಸೇರಿ ಇನ್ನೂರಕ್ಕೂ ಹೆಚ್ಚು ಪುಸ್ತಕ ಪ್ರಕಟಿಸಿದ ಸಂಸ್ಥೆ ಇದು. ತಾನೇ ಅಚ್ಚು ಹಾಕಿಸುವ ಸಂಸ್ಥೆಗೆ ಒಂದು ಅನುಕೂಲವಿದೆ: ಪುಸ್ತಕದ ಮೊದಲ ಪುಟದಲ್ಲಿ ಮುದ್ರಣದ ವರ್ಷ, ಆವೃತ್ತಿ, ಬೆಲೆ ತಾನಾಗಿ ದಾಖಲಾಗುತ್ತದೆ, ಮಾಸಪತ್ರಿಕೆಯ ಸಂಚಿಕೆಗಳು ವರ್ಷ ವರ್ಷದ ಆಗುಹೋಗು ಹೇಳುತ್ತವೆ. ಅದೇ ಊರಿನಲ್ಲಿ ಪತ್ರಿಕೆ ಓದಲು ಬರುತ್ತಿದ್ದ ಜನರ ವಾಚನಾಲಯ ಏನನ್ನೂ ಮುದ್ರಿಸಲಿಲ್ಲ. ಹಾಗಾಗಿ ಅದರ ಕೈಬರಹದ ವಹಿ ಹೋದರೆ ಎಲ್ಲವೂ ಹೋದಂತೆ.

ಅರಕಲಗೂಡು ತಾಲ್ಲೂಕು ಇನ್ನೊಂದು ಎಚ್ಚರಿಕೆಯನ್ನು ಹೇಳುತ್ತದೆ. ಕಾವೇರಿ ತೀರದ ರುದ್ರಪಟ್ಟಣ ಆರ್.ಕೆ. ಶ್ರೀಕಂಠನ್ ಮೊದಲಾದ ಸಂಗೀತಗಾರರ ಊರು. ಇಂಥ ಕಡೆ ವಿದ್ಯೆ ಬಾಯಿಂದ ಬಾಯಿಗೆ, ಹೆಚ್ಚೆಂದರೆ ಕೈಬರಹದ ಸ್ವರಪುಸ್ತಕದಿಂದ ಸ್ವರಪುಸ್ತಕಕ್ಕೆ ದಾಟುತ್ತದೆ. ಮನೆಯ ಮರದ ಪೆಟ್ಟಿಗೆಯಲ್ಲಿರುವ ಅಂಥ ಪುಸ್ತಕಗಳೂ ಊರಿನ ಗ್ರಂಥಾಲಯದ ಭಾಗವೇ ಎಂದು ಭಾವಿಸದಿದ್ದರೆ ಚರಿತ್ರೆ ಅರ್ಧವಾಗುತ್ತದೆ. ಮಲೆನಾಡಿನ ಸೆರಗಿಗೆ ಸೇರಿದ ಭಾಗಗಳಲ್ಲಿ ಮಳೆಗಾಲದ ತೇವ ಕಾಗದಕ್ಕೆ ದೊಡ್ಡ ಶತ್ರು ಎಂಬುದೂ ಇಲ್ಲಿ ಗಮನಿಸಬೇಕಾದದ್ದು.

ಚನ್ನರಾಯಪಟ್ಟಣದ ಮಟ್ಟಿಗೆ ಅಂತರ ಎದ್ದು ಕಾಣುತ್ತದೆ. ಅದೇ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಸಾವಿರದ ಮುನ್ನೂರು ವರ್ಷ ಹಿಂದಿನ ಶಾಸನವನ್ನು ವಿದ್ವಾಂಸರು ಅಕ್ಷರ ಅಕ್ಷರವಾಗಿ ಓದಿ ಅಚ್ಚು ಹಾಕಿಸಿದ್ದಾರೆ. ಎಪ್ಪತ್ತು ವರ್ಷ ಹಿಂದೆ ತಾಲ್ಲೂಕು ಕೇಂದ್ರದ ವಾಚನಾಲಯದ ಬೆಂಚಿನ ಮೇಲೆ ಕೂತವರು ಯಾರು ಎಂಬುದನ್ನು ಹಾಗೆ ಓದಿ ಹೇಳುವ ಪುಸ್ತಕ ಯಾವುದು?

ಗುಜರಿಯ ತಕ್ಕಡಿ

ಗ್ರಂಥಾಲಯದ ದಾಖಲೆ ಒಂದೇ ದಿನ ನಾಶವಾಗುವುದು ಅಪರೂಪ. ಬಾಡಿಗೆ ಕಟ್ಟಡದಿಂದ ಸ್ವಂತ ಕಟ್ಟಡಕ್ಕೆ ಹೋಗುವಾಗ, ಹಳೆಯ ಗ್ರಂಥಪಾಲಕರು ನಿವೃತ್ತರಾಗುವಾಗ, ಕಂಪ್ಯೂಟರಿಗೆ ಪುಸ್ತಕಗಳ ಪಟ್ಟಿ ಏರಿಸಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಅದು ಮಾಯವಾಗುತ್ತದೆ. ಹರಿದ ಪುಸ್ತಕವನ್ನು ರದ್ದು ಮಾಡಲು ಇಲಾಖೆಯಲ್ಲಿ ನಿಯಮವಿದೆ, ಸಮಿತಿಯಿದೆ. ತುಂಬಿಹೋದ ವಹಿಯ ಬಗ್ಗೆ ಅಂಥ ಯೋಚನೆ ಕಡಿಮೆ. ಕೋಣೆ ಕಿರಿದು, ಧೂಳು ಹೆಚ್ಚು. ಕೊನೆಗೆ ಅದು ಕಿಲೋ ಲೆಕ್ಕದಲ್ಲಿ ಗುಜರಿಯವರ ತಕ್ಕಡಿ ಏರುತ್ತದೆ.

ಇಂಥ ಇನ್ನೊಂದು ಸ್ಥಿತ್ಯಂತರ ಈಚೆಗೆ ನಡೆದಿದೆ. ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾದವು. ಆಮೇಲೆ ಅವು ‘ಅರಿವು ಕೇಂದ್ರ’ಗಳೆಂಬ ಹೆಸರು ಪಡೆದವು, ‘ಓದುವ ಬೆಳಕು’ ಕಾರ್ಯಕ್ರಮದ ಮೂಲಕ ಹಳ್ಳಿಯ ಮಕ್ಕಳನ್ನು ಒಳಗೆ ಕರೆದವು. ಎಷ್ಟೋ ಕಡೆ ಗೋಡೆಗೆ ಬಣ್ಣ ಬಂತು, ಕಂಪ್ಯೂಟರ್ ಬಂತು. ಇದು ಸಂತೋಷದ ಸಂಗತಿಯೇ. ಆದರೆ 1966ರಲ್ಲಿ ಕೇಳದೆ ಬಿಟ್ಟ ಪ್ರಶ್ನೆಯನ್ನು ಈಗಲಾದರೂ ಕೇಳಬೇಕು. ಮೊದಲಿದ್ದ ವಹಿಗಳು ಎಲ್ಲಿವೆ, ಯಾರ ವಶದಲ್ಲಿವೆ? ಗೌರವಧನದ ಮೇಲೆ ದುಡಿದು ಆ ವಹಿಗಳನ್ನು ಬರೆದ ಮೇಲ್ವಿಚಾರಕರು ಇನ್ನೂ ಊರಿನಲ್ಲಿರುವಾಗಲೇ ಉತ್ತರ ಸುಲಭ.

ಪುಸ್ತಕ ಹೋದರೆ ಮತ್ತೆ ಬರಬಹುದು. ಮೈಸೂರಿನ ರಾಜೀವನಗರದಲ್ಲಿ ಕೂಲಿ ಕಾರ್ಮಿಕರೊಬ್ಬರು ಸಾರ್ವಜನಿಕರಿಗಾಗಿ ನಡೆಸುತ್ತಿದ್ದ, ಸುಮಾರು 11,000 ಪುಸ್ತಕಗಳಿದ್ದ ಗ್ರಂಥಾಲಯ 2021ರ ಏಪ್ರಿಲ್‌ನಲ್ಲಿ ಬೆಂಕಿಗೆ ಆಹುತಿಯಾದಾಗ ನಾಡಿನ ಮೂಲೆ ಮೂಲೆಯಿಂದ ನೆರವು ಹರಿದುಬಂತು. ಸುಟ್ಟುಹೋದ ಕಾದಂಬರಿಯ ಇನ್ನೊಂದು ಪ್ರತಿ ಎಲ್ಲೋ ಇರುತ್ತದೆ. ಯಾರು ಯಾವಾಗ ಅದನ್ನು ಓದಿದರೆಂಬ ಬರಹಕ್ಕೆ ಎರಡನೆಯ ಪ್ರತಿ ಇರುವುದಿಲ್ಲ.

ಕೇರಳದ ದಾರಿ

ಈ ವಿಷಯದಲ್ಲಿ ನೆರೆಯ ಕೇರಳದ ಕ್ರಮವನ್ನು ನೋಡಬಹುದು. ಪಿ.ಎನ್. ಪಣಿಕ್ಕರ್ ಅವರು 1945ರಲ್ಲಿ 47 ಗ್ರಂಥಾಲಯಗಳನ್ನು ಒಂದುಗೂಡಿಸಿ ಕಟ್ಟಿದ ಸಂಘ ಅಲ್ಲಿ ದೊಡ್ಡ ಚಳವಳಿಯಾಗಿ ಬೆಳೆಯಿತು. 1989ರ ಕಾಯಿದೆಯ ನಂತರ ಅಲ್ಲಿನ ಗ್ರಂಥಾಲಯ ಪರಿಷತ್ತಿಗೆ ಸೇರಿದ ಗ್ರಂಥಾಲಯಗಳನ್ನು ಸ್ಥಳೀಯರೇ ಆರಿಸಿದ ಸಮಿತಿಗಳು ನಡೆಸುತ್ತವೆ. ಕಾಸರಗೋಡಿನ ಕನ್ನಡಿಗರ ಗ್ರಂಥಾಲಯಗಳಿಗೂ ಈ ದಾರಿ ತೆರೆದಿದೆ. ಪರಿಷತ್ತು ಅವುಗಳ ಕೆಲಸ ಪರಿಶೀಲಿಸಿ ದರ್ಜೆ ಕೊಡುತ್ತದೆ. ದರ್ಜೆಗೆ ತಕ್ಕಂತೆ ಅನುದಾನ. ಸದಸ್ಯರೆಷ್ಟು, ಎರವಲು ಹೋದ ಪುಸ್ತಕವೆಷ್ಟು, ಸಭೆಗಳೆಷ್ಟು ಎಂಬುದಕ್ಕೆ ವಹಿ ತೋರಿಸಬೇಕು. ಹಣದ ಆಸೆಗಾದರೂ ವಹಿ ಉಳಿಯುತ್ತದೆ, ವಹಿಯ ಜೊತೆಗೆ ಊರಿನ ಚರಿತ್ರೆಯೂ ಉಳಿಯುತ್ತದೆ.

ಕರ್ನಾಟಕದ ವ್ಯವಸ್ಥೆ ಇಲಾಖೆಯದು. ಸಿಬ್ಬಂದಿಗೆ ಸರ್ಕಾರದ ಸಂಬಳದ ಭದ್ರತೆಯಿರುವುದು, ಪುಸ್ತಕ ಖರೀದಿಗೆ ಉಪಕರದ ಆಧಾರವಿರುವುದು ಇದರ ಬಲ. ಊರಿನವರಿಗೆ ಇದು ತಮ್ಮದೆನಿಸದಿರುವುದು ಇದರ ದೌರ್ಬಲ್ಯ. ಸಮಿತಿಯಲ್ಲಿ ಜಗಳವಾಡಿಯಾದರೂ ಗ್ರಂಥಾಲಯ ನಡೆಸಿದ ಅಜ್ಜಂದಿರ ಊರಿನಲ್ಲಿ ಮೊಮ್ಮಕ್ಕಳು ಅದನ್ನು ಒಂದು ಕಚೇರಿ ಎಂದು ನೋಡುತ್ತಾರೆ. ಕಚೇರಿಯ ಹಳೆಯ ಕಡತವನ್ನು ಕಾಯುವ ಮಮತೆ ಯಾರಿಗೆ ತಾನೆ ಹುಟ್ಟೀತು?

ಮಾಡಬಹುದಾದದ್ದು

ಈ ಕೆಲಸಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ. ಮೊದಲಿಗೆ ಬೇಕಾದದ್ದು ಒಂದು ಪಟ್ಟಿ: ಯಾವ ಊರಿನಲ್ಲಿ, ಯಾರ ಬಳಿ, ಯಾವ ವರ್ಷಗಳ, ಎಷ್ಟು ವಹಿಗಳಿವೆ ಎಂಬುದು. ಒಂದು ತಾಲ್ಲೂಕಿಗೆ ಒಂದು ಕಾಲೇಜಿನ ಚರಿತ್ರೆ ವಿಭಾಗ ಮನಸ್ಸು ಮಾಡಿದರೆ ಒಂದು ವರ್ಷದಲ್ಲಿ ಇದು ಮುಗಿಯುತ್ತದೆ. ವಹಿಯನ್ನು ಒಯ್ಯಬೇಕಾಗಿಲ್ಲ, ಬೆಳಕಿರುವ ಕಡೆ ಇಟ್ಟು ಪುಟ ಪುಟವನ್ನೂ ಮೊಬೈಲಿನಲ್ಲೇ ಚಿತ್ರ ತೆಗೆದು, ಪ್ರತಿಯನ್ನು ಎರಡು ಮೂರು ಕಡೆ ಇಟ್ಟರೆ ಮೊದಲ ಅಪಾಯ ಕಳೆಯಿತು. ಮೂಲ ವಹಿಗಳನ್ನು ಇಡಲು ಊರಿನಲ್ಲಿ ಸರಿಯಾದ ಜಾಗವಿಲ್ಲದಿದ್ದರೆ ಮೈಸೂರಿನ ವಿಭಾಗೀಯ ಪತ್ರಾಗಾರ ಕಚೇರಿಯ ಸಲಹೆ ಕೇಳಬಹುದು.

ಎರಡನೆಯದು ಬಾಯಿಮಾತು. ಎಂಬತ್ತು ದಾಟಿದ ಓದುಗರು, ನಿವೃತ್ತ ಗ್ರಂಥಪಾಲಕರು, ಹಳೆಯ ಕಾರ್ಯದರ್ಶಿಗಳ ಮನೆಯವರು ಹೇಳುವುದನ್ನು ಧ್ವನಿಮುದ್ರಿಸಿಕೊಳ್ಳಬೇಕು. ಗೊರೂರಿನ ಹೇಮಾವತಿ ಜಲಾಶಯದಲ್ಲಿ ಹಳ್ಳಿಗಳೇ ಮುಳುಗಿ ಜನ ಚದುರಿಹೋದ ಸೀಮೆ ಇದು. ಅಂಥ ಊರುಗಳ ಮಟ್ಟಿಗೆ ನೆನಪೊಂದೇ ದಾಖಲೆ. ಯಾರನ್ನು ಒಳಗೆ ಬಿಡುತ್ತಿರಲಿಲ್ಲ ಎಂಬುದನ್ನೂ ಕೇಳಬೇಕು. ಸದಸ್ಯರ ಪಟ್ಟಿಯಲ್ಲಿ ಹೆಸರೇ ಇಲ್ಲದವರ ಕಥೆ ವಹಿಯಲ್ಲಿ ಸಿಗುವುದಿಲ್ಲ.

ಮೂರನೆಯದು ಒಂದು ಮರ್ಯಾದೆ. ಯಾರು ಯಾವ ಪುಸ್ತಕ ಒಯ್ದರೆಂಬುದು ಅವರವರ ಖಾಸಗಿ ವಿಷಯ. ಬದುಕಿರುವವರ ಹೆಸರನ್ನು ಮರೆಮಾಡಿ ಪುಸ್ತಕಗಳ ಲೆಕ್ಕವನ್ನಷ್ಟೇ ಪ್ರಕಟಿಸುವುದು ನ್ಯಾಯ. ಈ ಎಚ್ಚರವಿಲ್ಲದಿದ್ದರೆ ಮನೆಯ ಅಟ್ಟದಲ್ಲಿ ವಹಿ ಇಟ್ಟುಕೊಂಡವರು ಅದನ್ನು ಕೊಡಲು ಹಿಂಜರಿಯುವುದು ಸಹಜ.

ಗ್ರಂಥಾಲಯ ಬೆಳೆಯುವ ಜೀವಿ ಎಂಬುದು ರಂಗನಾಥನ್ 1931ರಲ್ಲಿ ನಿರೂಪಿಸಿದ ಐದು ಸೂತ್ರಗಳಲ್ಲಿ ಕೊನೆಯದು. ಬೆಳೆಯುವ ಜೀವಿಗೆ ಬಾಲ್ಯವೂ ಇರುತ್ತದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಗ್ರಂಥಾಲಯಗಳ ಬಾಲ್ಯ ಯಾವುದೋ ಮನೆಯ ಟ್ರಂಕಿನಲ್ಲಿ, ಶಾಲೆಯ ಬೀರುವಿನ ತಳದಲ್ಲಿ, ಪುರಸಭೆಯ ದಾಖಲೆ ಕೋಣೆಯಲ್ಲಿ ಚದುರಿಕೊಂಡಿದೆ. ಮುಂದಿನ ಮಳೆಗಾಲಕ್ಕೆ ಮುನ್ನ ಒಂದೊಂದು ಊರಿನಲ್ಲಿ ಒಬ್ಬೊಬ್ಬರು ಆ ಟ್ರಂಕಿನ ಮುಚ್ಚಳ ತೆಗೆದು ನೋಡಿದರೂ ಸಾಕು, ಕೆಲಸ ಶುರುವಾದಂತೆಯೇ.